ನೋವು ನಿಂತ ಹಲ್ಲು

ಡಾಕ್ಟರ್ ಹತ್ತಿಯ ಚಿಕ್ಕ ಉಂಡೆಗೆ ಏನೋ ಸ್ಪ್ರೇ ಹೊಡೆದರು. ಹತ್ತಿಯ ಮೇಲೆ ಬಿಳಿ ಮಂಜು ಕಟ್ಟಿತು. ಅದನ್ನು ಮೊದಲು ಪಕ್ಕದ ಹಲ್ಲಿಗೆ ಮುಟ್ಟಿಸಿದರು. ಜುಮ್ ಎಂದಿತು, ತಟ್ಟನೆ ಕೈ ಎತ್ತಿದೆ. ಎರಡು ಸೆಕೆಂಡಿನಲ್ಲಿ ಹೋಯಿತು. ಆಮೇಲೆ ನಾನು ತೋರಿಸಲು ಬಂದಿದ್ದ ಹಲ್ಲಿಗೆ ಮುಟ್ಟಿಸಿದರು. ಕೆಳಗಿನ ಸಾಲಿನ ಬಲಗಡೆಯ ದವಡೆ ಹಲ್ಲು. ಏನೂ ಆಗಲಿಲ್ಲ. ಇನ್ನೊಂದು ಸಲ ಒತ್ತಿ ಹಿಡಿದರು. ಆಗಲೂ ಏನೂ ಇಲ್ಲ. "ನೋವೇ ಇಲ್ಲ ಡಾಕ್ಟ್ರೇ" ಎಂದು ಸಂತೋಷದಿಂದಲೇ ಹೇಳಿದೆ. ಅವರು ಕೈಗವಸು ತೆಗೆಯುತ್ತಾ, "ಅದೇ ನೋಡಿ ತೊಂದರೆ. ಈ ಹಲ್ಲಿನ ನರ ಸತ್ತು ಸುಮಾರು ದಿನ ಆಗಿದೆ" ಎಂದರು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹೋದ ಚಳಿಗಾಲದಲ್ಲಿ ಇದೇ ಹಲ್ಲು ನನ್ನನ್ನು ಹದಿನೈದು ದಿನ ಕಾಡಿತ್ತು. ಬಿಸಿ ಕಾಫಿ ಕುಡಿದರೆ ಅರ್ಧ ಗಂಟೆ ಕಿವಿಯವರೆಗೂ ಎಳೆಯುತ್ತಿತ್ತು. ಶಾಲೆಯಲ್ಲಿ ಪಾಠ ಮಾಡುವಾಗ ನಾಲಿಗೆಯನ್ನು ಆ ಹಲ್ಲಿಗೆ ತಾಗದ ಹಾಗೆ ಹಿಡಿದು ಮಾತಾಡುತ್ತಿದ್ದೆ. ಒಂದು ದಿನ ಬೆಳಿಗ್ಗೆ ಎದ್ದರೆ ನೋವು ಪೂರ್ತಿ ಮಾಯ. ವಾಸಿಯಾಯಿತು ಅಂದುಕೊಂಡೆ. ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಾರೆ ಅಲ್ವಾ? ನೋವು ಬಂದರೆ ಕಾಯಿಲೆ, ನೋವು ಹೋದರೆ ಗುಣ. ಮೈಯ ಬೇರೆ ಎಲ್ಲ ಕಡೆ ನಾವು ಕಲಿತದ್ದು ಅದನ್ನೇ. ಹಲ್ಲಿನ ವಿಷಯದಲ್ಲಿ ಈ ಲೆಕ್ಕ ತಲೆಕೆಳಗು. ಅದು ನನಗೆ ಮೊದಲೇ ಗೊತ್ತಿರಬೇಕಿತ್ತು. ಏಕೆಂದರೆ ನಮ್ಮ ಮನೆಯಲ್ಲಿ ಇದು ಒಂದು ಸಲ ಆಗಿಹೋಗಿದೆ.

ಅಮ್ಮನ ಹಲ್ಲು, ಹುಳದ ಮನೆ

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡ ಹಾಗೆ ರೇಷ್ಮೆ ಹುಳ ಸಾಕುವ ಹುಳದ ಮನೆ. ನಾನು ಎರಡನೇ ಪಿಯುಸಿ ಓದುತ್ತಿದ್ದ ವರ್ಷ. ಹುಳ ನಾಲ್ಕನೇ ಜ್ವರ, ಅಂದರೆ ಸೊಪ್ಪು ಬಿಟ್ಟು ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದಿದ್ದವು. ರೇಷ್ಮೆ ಸಾಕಿದವರಿಗೆ ಆ ಒಂದು ವಾರ ಏನೆಂದು ಹೇಳಬೇಕಿಲ್ಲ. ಬೆಳೆ ಪೂರ್ತಿಗೆ ಬೇಕಾಗುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಏಳೆಂಟು ದಿನಗಳಲ್ಲೇ ಖಾಲಿ. ರಾತ್ರಿ ಹನ್ನೊಂದಕ್ಕೆ ಸೊಪ್ಪು ಹಾಕಬೇಕು, ಬೆಳಗಿನ ಜಾವ ಮತ್ತೆ ಎದ್ದು ಹಾಕಬೇಕು. ಮನೆಯವರಿಗೆ ಜ್ವರ ಬಂದರೂ ಹುಳದ ಹೊಟ್ಟೆ ಕಾಯುವುದಿಲ್ಲ.

ಆ ವಾರವೇ ಅಮ್ಮನಿಗೆ ಹಲ್ಲುನೋವು ಶುರುವಾಯಿತು. ಒಂದು ರಾತ್ರಿ ಓದುತ್ತಾ ಕೂತಿದ್ದ ನಾನು ನೀರು ಕುಡಿಯಲು ಎದ್ದೆ. ಅಡುಗೆ ಮನೆಯಲ್ಲಿ ದೀಪ ಇಲ್ಲ. ಅಮ್ಮ ಕತ್ತಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸೆರಗನ್ನು ಉಂಡೆ ಮಾಡಿ ಕೆನ್ನೆಗೆ ಒತ್ತಿ ಹಿಡಿದಿದ್ದಳು. ಕಣ್ಣಲ್ಲಿ ನೀರು. "ಮಲಕ್ಕೋಮ್ಮ" ಅಂದೆ. "ಮಲಗಿದ್ರೆ ಜಾಸ್ತಿ ಆಗ್ತದೆ ಕಣೇ, ಕೂತ್ರೆ ವಾಸಿ" ಎಂದಳು. ಬಾಯಿಂದ ಲವಂಗದ ವಾಸನೆ ಬರುತ್ತಿತ್ತು. ಹುಳುಕಿನ ತೂತಿಗೆ ಲವಂಗ ಜಜ್ಜಿ ತುಂಬಿದ್ದಳು. ಪಕ್ಕದ ಹುಳದ ಮನೆಯಿಂದ ಸಾವಿರಾರು ಬಾಯಿಗಳು ಸೊಪ್ಪು ಕೊರೆಯುವ ಸದ್ದು ಕೇಳುತ್ತಲೇ ಇತ್ತು. ನಾಳೆ ಆಸ್ಪತ್ರೆಗೆ ಹೋಗೋಣ ಎಂದೆ. "ಹುಳ ಹಣ್ಣಾಗ್ಲಿ, ಚಂದ್ರಿಕೆಗೆ ಬಿಟ್ಟ ಮೇಲೆ ಹೋದ್ರಾಯ್ತು" ಎಂದಳು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳಗಳನ್ನು ಬಿಡುವ ತಟ್ಟೆಯೇ ಚಂದ್ರಿಕೆ. ಹಲ್ಲು ಕಚ್ಚಿ ಸಹಿಸುವುದು ಎನ್ನುತ್ತೇವಲ್ಲ, ಅವಳಿಗೆ ಅದಕ್ಕೂ ಆಗುತ್ತಿರಲಿಲ್ಲ.

ಹುಳ ಹಣ್ಣಾದವು. ಚಂದ್ರಿಕೆಗೆ ಬಿಟ್ಟೆವು. ಅಷ್ಟರಲ್ಲಿ ಅಮ್ಮನ ನೋವೂ ನಿಂತಿತ್ತು. ಲವಂಗ ಕೆಲಸ ಮಾಡಿತು ಎಂದು ಊರೆಲ್ಲ ಹೇಳಿಕೊಂಡು ಬಂದಳು. ಆಸ್ಪತ್ರೆಯ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಯಾವಾಗಲೋ ಒಸಡಿನ ಮೇಲೆ ಒಂದು ಚಿಕ್ಕ ಗುಳ್ಳೆ ಎದ್ದಿತು. ಆಗಾಗ ಒಡೆದು ಕೆಟ್ಟ ರುಚಿ ಬರುತ್ತಿತ್ತು. ನೋವಿಲ್ಲವಲ್ಲ, ಉಷ್ಣ ಇರಬೇಕು ಎಂದು ಸುಮ್ಮನಾದಳು. ಯುಗಾದಿಯ ಹಿಂದಿನ ದಿನ ಹೋಳಿಗೆಗೆ ಬೇಳೆ ಬೇಯಿಸುತ್ತಿದ್ದವಳಿಗೆ ಚಳಿ ಜ್ವರ ಬಂತು. ಸಂಜೆ ಹೊತ್ತಿಗೆ ಕೆನ್ನೆ ಊದಿ ಕಣ್ಣು ಚಿಕ್ಕದಾಯಿತು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಆಂಟಿಬಯೋಟಿಕ್ ನುಂಗಿದಳು. ಬೆಳಿಗ್ಗೆ ಊತ ದವಡೆ ಕೆಳಗೆ ಇಳಿದಿತ್ತು. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಹಬ್ಬದ ದಿನ ಅಪ್ಪ ಆಟೋ ಮಾಡಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೊಯ್ದು ಕೀವು ತೆಗೆದರು, ಆಮೇಲೆ ಹಲ್ಲು ಕಿತ್ತರು. ಊತ ಕುತ್ತಿಗೆಗೆ ಇಳಿದರೆ ಉಸಿರಾಡುವ ದಾರಿಯೇ ಮುಚ್ಚಿಹೋಗಬಹುದು ಎಂದು ಅಲ್ಲಿನ ಡಾಕ್ಟರ್ ಅಪ್ಪನಿಗೆ ಹೇಳಿದ್ದು ನನಗೆ ಹೊರಗಿನ ಬೆಂಚಿನವರೆಗೂ ಕೇಳಿಸಿತ್ತು. ಒಂದು ಹಲ್ಲಿನಿಂದ ಅಮ್ಮ ಹೋಗಿಬಿಡಬಹುದಿತ್ತೇ ಎಂದು ಆಗ ತಿಳಿದದ್ದು.

ಒಳಗೆ ಏನಾಗುತ್ತದೆ

ಈ ಸಲ ನನ್ನ ಹಲ್ಲಿನ ಎಕ್ಸ್‌ರೇ ಮುಂದಿಟ್ಟುಕೊಂಡು ಡಾಕ್ಟರನ್ನು ಬಿಡದೆ ಕೇಳಿದೆ. ಅವರೂ ಬೇಸರ ಮಾಡಿಕೊಳ್ಳಲಿಲ್ಲ. ಹಲ್ಲು ಎಂದರೆ ಗಟ್ಟಿ ಕಲ್ಲಲ್ಲ. ಮೇಲೆ ಎನಾಮಲ್ ಇದೆ, ಇಡೀ ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇಲ್ಲ. ಅದರ ಕೆಳಗೆ ಡೆಂಟಿನ್, ಸ್ವಲ್ಪ ಮೆದು. ಅದರೊಳಗೆ ಒಂದು ಪುಟ್ಟ ಕೋಣೆ. ಕೋಣೆಯಿಂದ ಬೇರಿನ ತುದಿಯವರೆಗೆ ಸಣ್ಣ ಕಾಲುವೆಗಳು. ಅಲ್ಲಿ ನರ, ರಕ್ತನಾಳ ತುಂಬಿದ ಮೆತ್ತನೆಯ ಜೀವ ಇರುತ್ತದೆ. ಅದಕ್ಕೆ ಪಲ್ಪ್ ಎನ್ನುತ್ತಾರೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ಕಾಲುವೆ. ಕೆಳಗಿನ ದವಡೆ ಹಲ್ಲಿಗೆ ಎರಡು ಬೇರು, ಮೂರು ಅಥವಾ ನಾಲ್ಕು ಕಾಲುವೆ.

ಹಲ್ಲಿನ ಹುಳ ಎಂದು ನಾವು ಕರೆಯುವುದು ಹುಳವೇ ಅಲ್ಲ, ಬ್ಯಾಕ್ಟೀರಿಯಾ. ತಿಂದ ಸಕ್ಕರೆಯನ್ನು ಅವು ಆಮ್ಲ ಮಾಡುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ಹುಳುಕು ಎನಾಮಲ್‌ನಲ್ಲಿ ಇರುವವರೆಗೂ ನಮಗೆ ಏನೂ ಗೊತ್ತಾಗುವುದಿಲ್ಲ. ಡೆಂಟಿನ್‌ಗೆ ಬಂದಾಗ ತಣ್ಣೀರಿಗೆ ಜುಮ್ಮೆನ್ನುತ್ತದೆ. ಪಲ್ಪ್‌ನ ಹತ್ತಿರ ಬಂದಾಗ ಅದು ಊದಿಕೊಳ್ಳಲು ನೋಡುತ್ತದೆ. ಕೈಗೆ ಗಾಯವಾದರೆ ಸುತ್ತ ಊದಿಕೊಳ್ಳಲು ಜಾಗ ಇದೆ. ಹಲ್ಲಿನೊಳಗೆ ಆ ಜಾಗ ಇಲ್ಲ, ಸುತ್ತಲೂ ಗೋಡೆ. ಒತ್ತಡ ಏರುತ್ತದೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚುವುದರಿಂದ ನೋವೂ ಹೆಚ್ಚು. ಅಮ್ಮ ಆ ರಾತ್ರಿ ಗೋಡೆಗೆ ಒರಗಿ ಕೂತದ್ದು ಅದಕ್ಕೇ. ಕೊನೆಗೆ ಒಳಗಿನ ರಕ್ತದ ಓಡಾಟ ನಿಂತು ಪಲ್ಪ್ ಸಾಯುತ್ತದೆ. ನೋವು ಹೇಳಲು ನರವೇ ಇಲ್ಲದ ಮೇಲೆ ನೋವು ಎಲ್ಲಿಂದ ಬರಬೇಕು? ಆದರೆ ಬ್ಯಾಕ್ಟೀರಿಯಾ ಸತ್ತಿಲ್ಲ. ಕೊಳೆತ ಕೋಣೆಯಲ್ಲಿ ಅವಕ್ಕೆ ಯಾರ ಭಯವೂ ಇಲ್ಲ. ನಿಧಾನವಾಗಿ ಬೇರಿನ ತುದಿಯಿಂದ ಆಚೆ ಬರುತ್ತವೆ, ಅಲ್ಲಿನ ಮೂಳೆ ಕರಗುತ್ತದೆ. ನನ್ನ ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಹೆಸರುಕಾಳಿನಷ್ಟು ಕಪ್ಪು ಮಚ್ಚೆ ಇತ್ತು. ಅಷ್ಟು ಮೂಳೆ ನನಗೆ ತಿಳಿಯದ ಹಾಗೆ ಹೋಗಿತ್ತು.

ಅಮ್ಮನ ಆಂಟಿಬಯೋಟಿಕ್ ಯಾಕೆ ನಾಟಲಿಲ್ಲ ಎಂಬುದೂ ಆಗ ಅರ್ಥವಾಯಿತು. ಮಾತ್ರೆ ಹೋಗುವುದು ರಕ್ತದ ಜೊತೆ. ಸತ್ತ ಹಲ್ಲಿನೊಳಗೆ ರಕ್ತ ಹೋಗುವುದಿಲ್ಲ, ಮಾತ್ರೆಯೂ ಹೋಗುವುದಿಲ್ಲ. ಊತ, ಜ್ವರ ಇದ್ದಾಗ ಡಾಕ್ಟರ್ ಅದನ್ನು ಕೊಡುತ್ತಾರೆ, ಅದು ಬೇಕು. ಆದರೆ ಕೀವಿನ ಮೂಲ ಹಲ್ಲಿನೊಳಗೇ ಇರುತ್ತದೆ. ಅದನ್ನು ತೆರೆದು ತೊಳೆಯಬೇಕು, ಇಲ್ಲ ಹಲ್ಲು ಕೀಳಬೇಕು. ಮೂರನೇ ದಾರಿ ಇಲ್ಲ.

ಮನೆಗೆ ಬಂದು ಅಮ್ಮನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಅವಳು ಹಿಂದಿನ ದಿನ ಬಿಡಿಸಿದ ರೇಷ್ಮೆ ಗೂಡನ್ನು ಆರಿಸುತ್ತಾ ಕೂತಿದ್ದಳು. ಒಂದು ಗೂಡು ಎತ್ತಿ ಕಿವಿಯ ಹತ್ತಿರ ಆಡಿಸಿದಳು. ಒಳ್ಳೆ ಗೂಡಾದರೆ ಒಳಗಿನ ಹುಳ ಲೊಟ ಲೊಟ ಎಂದು ಸದ್ದು ಮಾಡುತ್ತದೆ. ಸತ್ತು ಕೊಳೆತಿದ್ದರೆ ಗೋಡೆಗೆ ಅಂಟಿಕೊಂಡು ಸದ್ದೇ ಇರುವುದಿಲ್ಲ. ಎಷ್ಟೋ ಸಲ ಹೊರಗಿನಿಂದ ಗೂಡು ಬೆಳ್ಳಗೆ ಚೆನ್ನಾಗಿಯೇ ಕಾಣುತ್ತದೆ. ಕೈಯಲ್ಲಿದ್ದ ಗೂಡನ್ನು ಅವಳು ಪಕ್ಕಕ್ಕೆ ಹಾಕಿದಳು. "ಸದ್ದಿಲ್ದೇ ಇದ್ರೆ ಒಳಗೆ ಕೆಟ್ಟಿದೆ ಅಂತ ನಂಗೆ ಗೊತ್ತು. ಹಲ್ಲಿಗೂ ಅದೇನಾ?" ಎಂದಳು. ಹೌದಮ್ಮ, ಅದೇ ಎಂದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಬ್ಲೀಚಿಂಗ್ ವಾಸನೆ

ಹೀಗೆ ಹಲ್ಲು ತೆರೆದು, ಕಾಲುವೆ ತೊಳೆದು ತುಂಬುವುದಕ್ಕೆ ರೂಟ್ ಕೆನಾಲ್ ಎನ್ನುತ್ತಾರೆ. ಆ ಹೆಸರು ಕೇಳಿದರೆ ನಮ್ಮ ಕಡೆ ಜನ ಹೆದರುತ್ತಾರೆ. ನಾನೂ ಹೆದರಿದ್ದೆ. ನಡೆದದ್ದು ಹೇಳುತ್ತೇನೆ. ಮರಗಟ್ಟಲು ಸೂಜಿ ಹಾಕಿದರು, ಚುಚ್ಚಿದಾಗ ಆದ ನೋವೇ ಆ ದಿನದ ದೊಡ್ಡ ನೋವು. ಹಲ್ಲಿನ ಸುತ್ತ ತೆಳು ರಬ್ಬರ್ ಹಾಳೆ ಬಿಗಿದರು. ಎಂಜಲು ಒಳಗೆ ಹೋಗಬಾರದು, ಔಷಧಿ ಗಂಟಲಿಗೆ ಇಳಿಯಬಾರದು, ಅದಕ್ಕೆ. ಮೇಲಿನಿಂದ ತೂತು ಮಾಡಿ ಕೋಣೆ ತೆರೆದರು. ಫೈಲು ಎಂಬ, ಅರದ ಹಾಗಿರುವ ಕೂದಲಿನಷ್ಟು ಸಣ್ಣ ಕಡ್ಡಿಗಳಿಂದ ಒಂದೊಂದೇ ಕಾಲುವೆ ಕೆರೆದರು. ಬೇರಿನ ತುದಿ ಎಲ್ಲಿದೆ ಎಂದು ತಿಳಿಯಲು ಒಂದು ಪುಟ್ಟ ಯಂತ್ರ, ಹತ್ತಿರ ಹೋದಂತೆ ಬೀಪ್ ಎನ್ನುತ್ತದೆ. ನಡುನಡುವೆ ಸಿರಿಂಜಿನಿಂದ ಒಂದು ದ್ರವ ಬಿಟ್ಟು ತೊಳೆಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಮ್ಮ ಹುಳದ ಮನೆ ನೆನಪಾಯಿತು. ಪ್ರತಿ ಬೆಳೆ ಮುಗಿದ ಮೇಲೆ ಅಮ್ಮ ಬ್ಲೀಚಿಂಗ್ ಪೌಡರ್ ಕಲಸಿ ಗೋಡೆ, ನೆಲ, ಸ್ಟ್ಯಾಂಡು ಎಲ್ಲ ತೊಳೆಯುತ್ತಾಳೆ. ಹಿಂದಿನ ಬೆಳೆಯ ರೋಗ ಮುಂದಿನ ಬೆಳೆಗೆ ಬರಬಾರದು. ಹಲ್ಲಿಗೆ ಬಿಡುವುದು ಸೋಡಿಯಂ ಹೈಪೋಕ್ಲೋರೈಟ್, ಅದೇ ಜಾತಿಯ ವಸ್ತು. ಕೆರೆಯುವುದಕ್ಕಿಂತ ಈ ತೊಳೆಯುವ ಕೆಲಸವೇ ಮುಖ್ಯ ಎಂದರು ಡಾಕ್ಟರ್. ಫೈಲು ಮುಟ್ಟದ ಸಂದುಗೊಂದುಗಳಿಗೂ ಅದು ಹೋಗುತ್ತದೆ.

ಎರಡನೇ ಸಲ ಹೋದಾಗ ಮತ್ತೆ ತೊಳೆದು, ಒಣಗಿಸಿ, ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತುವಿನಿಂದ ಕಾಲುವೆ ತುಂಬಿದರು. ಅದು ಮಲೇಷ್ಯಾ ಕಡೆಯ ಒಂದು ಮರದ ಹಾಲಿನಿಂದ ಬರುತ್ತದಂತೆ. ಮೂರನೇ ಸಲ ಅಳತೆ ತೆಗೆದುಕೊಂಡರು, ಆಮೇಲೆ ಕ್ಯಾಪ್ ಹಾಕಿದರು. ಕ್ಯಾಪ್ ಬೇಡ ಎಂದು ಎಷ್ಟೋ ಜನ ನಿಲ್ಲಿಸಿಬಿಡುತ್ತಾರೆ. ನೋವಿಲ್ಲ, ಹಲ್ಲು ತುಂಬಿದೆ, ಮತ್ತೆ ದುಡ್ಡು ಯಾಕೆ ಎಂದು. ನಮ್ಮ ಶಾಲೆಯ ಒಬ್ಬ ಮೇಷ್ಟ್ರು ಹಾಗೇ ಮಾಡಿದರು. ವರ್ಷ ಕಳೆಯುವುದರೊಳಗೆ ನಿಪ್ಪಟ್ಟು ಕಚ್ಚಿದಾಗ ಹಲ್ಲು ಉದ್ದಕ್ಕೆ ಸೀಳಿತು. ಬೇರಿನವರೆಗೆ ಸೀಳಿದ ಹಲ್ಲನ್ನು ಉಳಿಸಲು ಆಗುವುದಿಲ್ಲ. ಹುಳುಕು ತಿಂದು, ಡಾಕ್ಟರ್ ಕೊರೆದು, ಉಳಿದ ಗೋಡೆ ತೆಳುವಾಗಿರುತ್ತದೆ. ದವಡೆ ಹಲ್ಲಿನ ಮೇಲೆ ಬೀಳುವ ಭಾರ ಕಮ್ಮಿಯಲ್ಲ. ಕ್ಯಾಪ್ ಅದನ್ನು ಬಿಗಿದು ಹಿಡಿಯುತ್ತದೆ. ಮುಂದಿನ ಹಲ್ಲಿನಲ್ಲಿ ಜಾಸ್ತಿ ಭಾಗ ಉಳಿದಿದ್ದರೆ ಕೆಲವು ಸಲ ಕ್ಯಾಪ್ ಇಲ್ಲದೆಯೂ ನಡೆಯುತ್ತದೆ.

ಯಾವಾಗ ಬೇಕು, ಯಾವಾಗ ಬೇಡ

ನಾನು ಪಾಠ ಮಾಡುವುದು ಬಾಗೇಪಲ್ಲಿ ಕಡೆಯ ಶಾಲೆಯಲ್ಲಿ. ನನ್ನ ತರಗತಿಯ ಎಷ್ಟೋ ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರಿನ ಫ್ಲೋರೈಡ್ ಮಾಡಿದ ಕೆಲಸ. ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ನಮ್ಮ ಜಿಲ್ಲೆಯ, ಕೋಲಾರದ, ಪಾವಗಡದ ಎಷ್ಟೋ ಬೋರ್‌ಗಳಲ್ಲಿ ಅದು ದಾಟಿದೆ. ಒಬ್ಬ ತಾಯಿ ನನ್ನ ಹತ್ತಿರ ಬಂದು, "ಮೇಡಂ, ಮಗಳ ಹಲ್ಲಿಗೆಲ್ಲ ರೂಟ್ ಕೆನಾಲ್ ಮಾಡಿಸ್ಬೇಕಾ?" ಎಂದು ಕಣ್ಣೀರು ಹಾಕಿದಳು. ಬೇಡಮ್ಮ, ಬೇಡ. ಆ ಕಲೆ ಎನಾಮಲ್‌ನದು, ಹಲ್ಲು ಒಸಡಿನೊಳಗೆ ಬೆಳೆಯುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ, ಆಗಿಹೋದದ್ದು. ಒಳಗಿನ ನರ ಚೆನ್ನಾಗಿಯೇ ಇರುತ್ತದೆ. ಬಣ್ಣ ಸರಿಮಾಡಲು ಬೇರೆ ದಾರಿಗಳಿವೆ. ಅದಕ್ಕಿಂತ ಮೊದಲು ಮನೆಯಲ್ಲಿರುವ ಚಿಕ್ಕ ಮಕ್ಕಳಿಗೆ ಶುದ್ಧ ನೀರಿನ ಘಟಕದ ನೀರು ಕುಡಿಸಬೇಕು. ಆ ಹುಡುಗಿ ಕೈ ಅಡ್ಡ ಹಿಡಿಯದೆ ನಗುವುದನ್ನು ನೋಡಬೇಕೆಂದು ನನಗೆ ತುಂಬಾ ಆಸೆ.

ಇನ್ನು ನಿಜವಾದ ಹುಳುಕಿನ ವಿಷಯ. ನನಗೆ ತಿಳಿದದ್ದು ಇಷ್ಟು. ತಣ್ಣನೆಯದು ತಾಗಿದಾಗ ಜುಮ್ಮೆಂದು, ಕೆಲವೇ ಸೆಕೆಂಡಿನಲ್ಲಿ ಹೋದರೆ ಪಲ್ಪ್ ಇನ್ನೂ ಸುಧಾರಿಸಿಕೊಳ್ಳಬಲ್ಲದು. ಹುಳುಕು ತೆಗೆದು ತುಂಬಿದರೆ ಸಾಮಾನ್ಯವಾಗಿ ಸಾಕು. ತಣ್ಣನೆಯದು ಅಥವಾ ಬಿಸಿ ತಾಗಿದ ಮೇಲೆ ನೋವು ನಿಮಿಷಗಟ್ಟಲೆ ನಿಂತರೆ, ಏನೂ ತಾಗದೆ ತಾನಾಗಿ ಬಂದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಆ ಪಲ್ಪ್ ವಾಪಸ್ ಬರುವುದು ಕಷ್ಟ. ಬಿಸಿಗೆ ನೋವಾಗಿ ತಣ್ಣೀರಿಗೆ ಆರಾಮ ಎಂದು ಕೆಲವರು ಬಾಯಲ್ಲಿ ತಣ್ಣೀರು ಹಿಡಿದುಕೊಂಡೇ ಆಸ್ಪತ್ರೆಗೆ ಬರುತ್ತಾರಂತೆ. ಆಮೇಲೆ ಬರುವುದು ಅಮ್ಮನ ಕಥೆ. ನೋವು ನಿಲ್ಲುತ್ತದೆ, ಒಸಡಿನ ಮೇಲೆ ಗುಳ್ಳೆ ಬರುತ್ತದೆ, ಅಗಿದರೆ ಹಲ್ಲು ಎದ್ದುನಿಂತ ಹಾಗೆ ಅನ್ನಿಸುತ್ತದೆ. ಹುಳುಕೇ ಇಲ್ಲದ ಹಲ್ಲೂ ಸಾಯಬಹುದು. ನನ್ನ ತಮ್ಮನಿಗೆ ಚಿಕ್ಕವನಿದ್ದಾಗ ಕ್ರಿಕೆಟ್ ಚೆಂಡು ಮುಂದಿನ ಹಲ್ಲಿಗೆ ಬಿದ್ದಿತ್ತು. ಎಷ್ಟೋ ವರ್ಷ ಆದ ಮೇಲೆ ಅದೊಂದು ಹಲ್ಲು ಬೂದು ಬಣ್ಣಕ್ಕೆ ತಿರುಗಿತು. ಎಕ್ಸ್‌ರೇ ತೆಗೆದರೆ ಬೇರಿನ ತುದಿಯಲ್ಲಿ ಅದೇ ಕಪ್ಪು.

ಮಕ್ಕಳಿರುವವರಿಗೆ ಒಂದು ಮಾತು. ಆರು ವರ್ಷಕ್ಕೆ, ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ ಒಂದು ದವಡೆ ಹಲ್ಲು ಬರುತ್ತದೆ. ಅದನ್ನೂ ಹಾಲುಹಲ್ಲು ಎಂದುಕೊಂಡು, ಬಿದ್ದುಹೋಗುತ್ತದೆ ಬಿಡು ಎಂದು ಸುಮ್ಮನಿರುತ್ತೇವೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಅಮ್ಮ ಕಳೆದುಕೊಂಡದ್ದೂ, ನನ್ನದು ಸತ್ತದ್ದೂ ಅದೇ ಹಲ್ಲು. ಹಾಲುಹಲ್ಲಿಗೂ ನರ ಇದೆ, ಅದಕ್ಕೂ ಇಂಥದೇ ಚಿಕಿತ್ಸೆ ಇದೆ.

ಎಲ್ಲ ಹಲ್ಲನ್ನೂ ಉಳಿಸಲು ಆಗುವುದಿಲ್ಲ. ಒಸಡಿನ ರೋಗದಿಂದ ಅಲ್ಲಾಡುವ ಹಲ್ಲು, ಕ್ಯಾಪ್ ಕೂರಲೂ ಜಾಗವಿಲ್ಲದಷ್ಟು ಕರಗಿದ ಹಲ್ಲು, ಕೀಳುವುದೇ ಸರಿ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎನ್ನುವುದು ಸುಳ್ಳು, ಆ ನರವೇ ಬೇರೆ. ಆದರೆ ಉಳಿಸಬಹುದಾದ ಹಲ್ಲನ್ನು ಕೀಳಿಸುವುದು ಅಗ್ಗ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಮ್ಮನ ಬಾಯಿ ನೋಡಿದ್ದೇನೆ. ಖಾಲಿ ಜಾಗಕ್ಕೆ ಹಿಂದಿನ ಹಲ್ಲು ಬಾಗಿದೆ, ಮೇಲಿನ ಹಲ್ಲು ಕೆಳಗೆ ಇಳಿದಿದೆ. ಸಂದಿಯಲ್ಲಿ ಊಟ ಸಿಕ್ಕಿ ಪಕ್ಕದ್ದೂ ಹುಳುಕಾಯಿತು. ದುಡ್ಡಿನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಕೆಜಿಎಫ್‌ನಲ್ಲಿ, ತುಮಕೂರಿನಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಇಂಥ ಕಾಲೇಜುಗಳಲ್ಲಿ ಪ್ರೊಫೆಸರುಗಳ ಕಣ್ಣೆದುರು ವಿದ್ಯಾರ್ಥಿಗಳು ಮಾಡುತ್ತಾರೆ, ಜಾಸ್ತಿ ಸಲ ಓಡಾಡಬೇಕಾಗುತ್ತದೆ, ಖರ್ಚು ಕಮ್ಮಿ. ಎಲ್ಲಿಗೇ ಹೋದರೂ ಎಕ್ಸ್‌ರೇ ತೋರಿಸಿ ಎಂದು ಕೇಳಿ. ಬರೀ ತುಂಬಿದರೆ ಸಾಲದೇ ಎಂದು ಕೇಳಿ. ಕೇಳಿದ್ದಕ್ಕೆ ಸಿಡುಕುವವರ ಹತ್ತಿರ ಹಲ್ಲು ತೆರೆಸಬೇಡಿ.

ಆರು ತಿಂಗಳ ಮೇಲೆ

ಮೊನ್ನೆ ಇನ್ನೊಂದು ಎಕ್ಸ್‌ರೇ ತೆಗೆದರು. ಹೆಸರುಕಾಳು ಸಾಸಿವೆಕಾಳಾಗಿದೆ. ಮೂಳೆ ತಾನಾಗಿಯೇ ಮತ್ತೆ ತುಂಬಿಕೊಳ್ಳುತ್ತಿದೆ. ಎರಡೂ ಎಕ್ಸ್‌ರೇಯನ್ನು ಫೋನಿನಲ್ಲಿ ಅಮ್ಮನಿಗೆ ತೋರಿಸಿದೆ. ಅವಳು ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಬಕೆಟ್ ಇಟ್ಟುಕೊಂಡು ನಿಂತಿದ್ದಳು. ಕೈ ಒರೆಸಿಕೊಂಡು ಫೋನು ಹಿಡಿದು ತುಂಬಾ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, "ಎಡಗಡೇದು ಒಂದು ವಾರದಿಂದ ಜುಮ್ ಅಂತಿದೆ ಕಣೇ" ಎಂದಳು.

"ಯಾವಾಗಮ್ಮ?"

"ತಣ್ಣೀರು ಕುಡಿದ್ರೆ ಮಾತ್ರ."

"ಎಷ್ಟು ಹೊತ್ತು ಇರುತ್ತೆ?"

ಒಳಗೆ ಹೋಗಿ ಮಡಕೆಯಿಂದ ಒಂದು ಲೋಟ ನೀರು ತಂದಳು. ಒಂದು ಗುಟುಕು ಬಾಯಲ್ಲಿ ಹಿಡಿದಳು, ಮುಖ ಕಿವುಚಿದಳು, ನುಂಗಿದಳು. ಬೆರಳು ಮಡಚುತ್ತಾ ಎಣಿಸಿದಳು. ನಾಲ್ಕನೇ ಬೆರಳಿಗೆ, "ಹೋಯ್ತು" ಎಂದಳು. ರಾತ್ರಿ ಎಬ್ಬಿಸುತ್ತಾ ಎಂದು ಕೇಳಿದೆ. ಇಲ್ಲ ಎಂದಳು. ಮುಂದಿನ ಬೆಳೆಯ ಚಾಕಿ ಹುಳ, ಅಂದರೆ ಮರಿ ಹುಳ, ಬರಲು ಇನ್ನೂ ಆರು ದಿನ ಇತ್ತು. ಸೋಮವಾರ ಬೆಳಿಗ್ಗೆ ಇಬ್ಬರೂ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆವು. ಹತ್ತಿಯ ಉಂಡೆ ಮುಟ್ಟಿಸಿದಾಗ ಅಮ್ಮ "ಅಯ್ಯಪ್ಪಾ" ಎಂದು ಕುರ್ಚಿಯ ಕೈ ಹಿಡಿದಳು. ಡಾಕ್ಟರ್ ನಕ್ಕರು. ಹುಳುಕು ತೆಗೆದು, ತುಂಬಿ, ಅರ್ಧ ಗಂಟೆಯಲ್ಲಿ ಕಳಿಸಿದರು.